ಬೀಗಿತ್ತಿಯರು ಕಂಡ ಕಾಡು

ಹೊಲಿಗೆಯಕ್ಕ ಅಷ್ಟು ಸುಲಭಕ್ಕೆ ಯಾರಿಗೂ ಹೆದರುವ ಹೆಂಗಸಲ್ಲ. ಸಿಟಿ ಬಸ್ ಓಡಿಸುತ್ತಿದ್ದ ಗಂಡ ಜ್ವರ ಬಂದು ತೀರಿಕೊಂಡಾಗ ಮಗನಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ನೆಂಟರೆಲ್ಲ ಸುತ್ತ ಕೂತು ‘ಮುಂದೇನು ಗತಿ’ ಎಂದು ನಿಟ್ಟುಸಿರು ಬಿಡುತ್ತಿದ್ದರೆ, ಆಕೆ ಎದ್ದು ಹೋಗಿ ಚಿಕ್ಕಮ್ಮ ಕೊಟ್ಟಿದ್ದ ಹಳೇ ಹೊಲಿಗೆ ಮಷಿನ್ನನ್ನು ಮುಂದಿನ ಕೋಣೆಯ ಕಿಟಕಿಯ ಹತ್ತಿರ ಎಳೆದುಕೊಂಡು, ಪಕ್ಕದ ಮನೆಯವರ ಪರದೆ ಹೊಲಿಯಲು ಕೂತಳು. ಆಮೇಲೆ ಆ ಮಷಿನ್ ಸುಮ್ಮನಿದ್ದ ದಿನಗಳು ಕಡಿಮೆ. ಮಗ ಅದರ ಕೆಳಗೇ ಬಟ್ಟೆ ಚೂರುಗಳ ನಡುವೆ ಆಡಿ, ಅಲ್ಲೇ ಮಗ್ಗಿ ಬಾಯಿಪಾಠ ಮಾಡಿ, ಮೀಸೆ ಚಿಗುರಿದ ಮೇಲೆ ಫ್ರಿಜ್ ರಿಪೇರಿ ಕಲಿತು ಸಣ್ಣದೊಂದು ಅಂಗಡಿ ಇಟ್ಟ. ಬೀದಿಯಲ್ಲಿ ಯಾರಾದರೂ ಬಾಲ ಬಿಚ್ಚಿದರೆ ಹೊಲಿಗೆಯಕ್ಕ ಕಿಟಕಿಯಿಂದಲೇ ಕತ್ತರಿ ಝಳಪಿಸಿ ಬಾಯಿ ಮುಚ್ಚಿಸುತ್ತಿದ್ದಳು.

ಆದರೆ ಹೆಡ್‌ಮಿಸ್ ಎದುರಿಗೆ ಮಾತ್ರ ಆಕೆಯ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಎರಡು ಬೀದಿ ಆಚೆಗಿದ್ದ ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ ಅವರು. ಆ ಶಾಲೆಯ ಯೂನಿಫಾರ್ಮ್ ಹೊಲಿಯುವ ಕೆಲಸ ವರ್ಷಗಟ್ಟಲೆ ಹೊಲಿಗೆಯಕ್ಕನದೇ. ಸ್ಕರ್ಟುಗಳ ಗಂಟು ಹೊತ್ತು ಅವರ ಕೋಣೆಗೆ ಹೋಗಿ ನಿಂತರೆ, ಅವರು ಸ್ಕೇಲು ಹಿಡಿದು ಒಂದೊಂದೇ ನೆರಿಗೆ ಅಳೆಯುತ್ತಿದ್ದರು. ಒಂದು ಸಲ ಜೇಬು ಬೆರಳಗಲ ಕೆಳಗೆ ಬಂದಿದೆ ಎಂದು ಇಡೀ ಗಂಟನ್ನೇ ವಾಪಸ್ ಕಳಿಸಿದ್ದರು. ಅವರು ನಿವೃತ್ತರಾದ ದಿನ ಹೊಲಿಗೆಯಕ್ಕ ಪೀಡೆ ತೊಲಗಿತು ಅಂದುಕೊಂಡು ಮಧ್ಯಾಹ್ನ ಹಾಯಾಗಿ ನಿದ್ದೆ ಮಾಡಿದಳು.

ತೊಲಗಲಿಲ್ಲ. ಮಗ ಇದ್ದಕ್ಕಿದ್ದಂತೆ ದಿನಾ ಅಂಚೆ ಕಚೇರಿಗೆ ಹೋಗತೊಡಗಿದ. ಜನ್ಮದಲ್ಲಿ ಯಾರಿಗೂ ಒಂದು ಕಾಗದ ಬರೆದವನಲ್ಲ, ಜೇಬಿನ ತುಂಬ ಸ್ಟಾಂಪು. ಬಟ್ಟೆ ಒಗೆಯುವಾಗ ಅವೆಲ್ಲ ನೆನೆದು ಅಂಗಿಗೆ ಅಂಟಿಕೊಂಡದ್ದನ್ನು ಕಂಡು ತಾಯಿ ಕೇಳಿದಾಗ ಸತ್ಯ ಹೊರಬಿತ್ತು. ಸ್ಟಾಂಪಿನ ಕೌಂಟರಿನಲ್ಲಿ ಕೂರುವ ಹುಡುಗಿ ಹೆಡ್‌ಮಿಸ್ ಅವರ ಒಬ್ಬಳೇ ಮಗಳು.

ಮದುವೆಯೂ ಆಯಿತು. ಸೊಸೆ ಬಂಗಾರದಂಥವಳು, ಅದರಲ್ಲಿ ಎರಡು ಮಾತಿಲ್ಲ. ಅವಳ ತಾಯಿಯದೇ ಬಿಡಿಸಲಾಗದ ಗಂಟು. ಮದುವೆಯಾದ ಹೊಸದರಲ್ಲಿ ಹೊಲಿಗೆಯಕ್ಕ ರಾತ್ರಿ ಹಗಲು ಕೂತು ಬೀಗಿತ್ತಿಗೆಂದು ಒಂದು ಕೆಂಪು ಶಾಲು ಸಿದ್ಧ ಮಾಡಿದ್ದಳು. ಅಂಚಿನುದ್ದಕ್ಕೂ ಸಾಸಿವೆ ಕಾಳಿನಷ್ಟು ಸಣ್ಣ ಹೂಗಳ ಕಸೂತಿ. ಹೆಡ್‌ಮಿಸ್ ಅದರ ಮೇಲೆ ಕೈಯಾಡಿಸಿ, “ಬಟ್ಟೆ ಮೆತ್ತಗಿದೆ, ಬೆಚ್ಚಗಿರುತ್ತೆ,” ಎಂದರು. ಹೂವಿನ ಬಗ್ಗೆ ಒಂದೇ ಒಂದು ಮಾತಿಲ್ಲ. ಅದಾದ ಮೇಲೆ ಮಾರ್ಕೆಟ್ಟಿನ ಪ್ರಕರಣ. ಟೊಮೆಟೊ ಅಂಗಡಿಯ ಮುಂದೆ ಇಬ್ಬರೂ ಎದುರುಬದುರಾದಾಗ ಹೊಲಿಗೆಯಕ್ಕ ಬಾಯಿತುಂಬ ನಕ್ಕು, “ಚೆನ್ನಾಗಿದ್ದೀರಾ?” ಎನ್ನುವಷ್ಟರಲ್ಲಿ ಹೆಡ್‌ಮಿಸ್ ಆಕೆಯ ಮುಖವನ್ನೇ ನೇರವಾಗಿ ನೋಡಿ, ಗೋಡೆಯನ್ನು ದಾಟಿದಂತೆ ದಾಟಿ ಹೋಗಿಬಿಟ್ಟರು. ಬೀದಿಯ ಹೆಂಗಸರು ನೋಡುತ್ತಿದ್ದರು. ಹೊಲಿಗೆಯಕ್ಕನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸಂಜೆಯ ಹೊತ್ತಿಗೆ ಈ ಕಥೆಯನ್ನು ಬ್ಲೌಸಿನ ಅಳತೆ ಕೊಡಲು ಬಂದವರಿಗೆಲ್ಲ ಆಕೆಯೇ ಹೇಳಿಯಾಗಿತ್ತು. ‘ಸ್ಕೇಲು ಹಿಡಿದವರ ಕಣ್ಣಿಗೆ ಸೂಜಿ ಹಿಡಿದವಳು ಕಾಣ್ತಾಳಾ’ ಎಂದು ಕೊನೆಗೊಂದು ಒಗ್ಗರಣೆ ಬೇರೆ.

ಹೀಗಿರುವಾಗ ಮಗ ಸೊಸೆ ಹಡಗಿನ ಪ್ರವಾಸಕ್ಕೆ ಟಿಕೆಟ್ ಮಾಡಿಸಿದರು. ಸಣ್ಣ ಹಡಗು, ಹೊಳೆಯ ಬಾಯಿಂದ ಒಳಕ್ಕೆ ಹೊಕ್ಕು ದಟ್ಟ ಕಾಡಿನ ನಡುವೆ ಕೆಲವು ದಿನ ಸುತ್ತಾಡಿಸಿ ತರುತ್ತದೆ. ಹೊರಡಲು ಇನ್ನೇನು ವಾರವಿದೆ ಅನ್ನುವಾಗ ಸೊಸೆ ಬಸುರಿ ಎಂದು ಗೊತ್ತಾಯಿತು. ಅಲುಗಾಡದೆ ಮಲಗಿರಬೇಕು ಎಂದರು ಡಾಕ್ಟರು. ಟಿಕೆಟ್ ವಾಪಸ್ ಆಗುವಂತಿರಲಿಲ್ಲ, ಹೆಸರು ಬದಲಿಸಬಹುದಿತ್ತು.

“ಅಮ್ಮ, ನೀನು ಹೋಗಿ ಬಾ. ನನ್ನ ಅತ್ತೆನೂ ಬರ್ತಾರೆ,” ಎಂದ ಮಗ, ಫ್ರಿಜ್ಜಿನ ಬಾಗಿಲು ತೆಗೆದಷ್ಟೇ ಸಲೀಸಾಗಿ.

ಹೊಲಿಗೆಯಕ್ಕ ಹಲ್ಲಿನಲ್ಲಿದ್ದ ದಾರ ಕಚ್ಚಿ ಕತ್ತರಿಸಿದಳು. “ಅಷ್ಟು ದಿನ ಒಂದೇ ರೂಮಲ್ಲಿ ಅವರ ಜೊತೆನಾ? ನನ್ನ ಕೈಲಾಗಲ್ಲ ಕಣೋ. ಬೇಕಾದ್ರೆ ಮೊಸಳೆ ಜೊತೆ ಮಲಗ್ತೀನಿ.”

“ಅವಳು ಮಲಗಿದ ಕಡೆಯಿಂದ್ಲೇ ಕೊರಗ್ತಿದ್ದಾಳಮ್ಮ. ನೀವಿಬ್ಬರೂ ಒಂದಾಗಿ ಹೋಗಿ ಬಂದ್ರೆ ಅವಳಿಗೆ ಎಷ್ಟೋ ಸಮಾಧಾನ.”

ಬಸುರಿಯ ಸಮಾಧಾನ ಎಂದ ಮೇಲೆ ಇನ್ನೇನು ಹೇಳುವುದು. ಹೊಲಿಗೆಯಕ್ಕ ಬ್ಯಾಗು ತುಂಬಿದಳು. ಕಾಡಿನಲ್ಲಿ ಜಿಗಣೆ ಹತ್ತುತ್ತವೆ ಎಂದು ಯಾರೋ ಹೆದರಿಸಿದ್ದರಿಂದ, ದಪ್ಪ ಬಟ್ಟೆಯಲ್ಲಿ ಮೊಣಕಾಲವರೆಗೆ ಬರುವ ಎರಡು ಜೊತೆ ಕಾಲ್ಚೀಲ ಹೊಲಿದುಕೊಂಡಳು. ಎರಡನೆಯ ಜೊತೆ ಯಾರಿಗೆಂದು ಮಗ ಕೇಳಿದ್ದಕ್ಕೆ, “ಒಂದು ಒದ್ದೆಯಾದ್ರೆ ಇನ್ನೊಂದು,” ಎಂದು ಮುಖ ತಿರುಗಿಸಿದಳು.

ಹಡಗಿನ ಕೇಬಿನ್ ಬೀರುವಿನ ಒಳಗೆ ಹೊಕ್ಕಂತಿತ್ತು. ಎರಡು ಕಿರಿದಾದ ಮಂಚ, ನಡುವೆ ಒಬ್ಬರು ಅಡ್ಡ ತಿರುಗಿ ನಿಲ್ಲುವಷ್ಟು ಜಾಗ, ತಟ್ಟೆಯಷ್ಟು ಗುಂಡಗಿನ ಒಂದು ಕಿಟಕಿ, ಹೊಸ ಬಣ್ಣದ ವಾಸನೆ. ಹೆಡ್‌ಮಿಸ್ ಒಳಬಂದವರೇ ಕನ್ನಡಕದ ಪೆಟ್ಟಿಗೆ, ನೀರಿನ ಬಾಟಲಿ, ಬಾಚಣಿಗೆ ಎಲ್ಲವನ್ನೂ ಮಂಚದ ಪಕ್ಕದ ಹಲಗೆಯ ಮೇಲೆ ಸಾಲಾಗಿ ಜೋಡಿಸಿದರು.

“ನನ್ನ ಸಾಮಾನು ಇಟ್ಟಲ್ಲೇ ಇರಲಿ. ದಯವಿಟ್ಟು ಮುಟ್ಟಬೇಡಿ,” ಎಂದರು.

“ಮುಟ್ಟಲ್ಲ ಬಿಡಿ ಮೇಡಂ,” ಎಂದಳು ಹೊಲಿಗೆಯಕ್ಕ. ಮನಸ್ಸಿನಲ್ಲೇ ಇನ್ನೂ ನಾಲ್ಕು ಮಾತು ಸೇರಿಸಿ ನುಂಗಿಕೊಂಡಳು.

ಮೊದಲ ದಿನವೆಲ್ಲ ಇಬ್ಬರ ನಡುವೆ ನಡೆದದ್ದು ‘ಊಟ ಆಯ್ತಾ’, ‘ಆಯ್ತು’, ‘ದೀಪ ಆರಿಸಲಾ’, ‘ಆರಿಸಿ’ ಅಷ್ಟೇ. ಮೇಲಿನ ಡೆಕ್ಕಿನಲ್ಲಿ ಪ್ರಯಾಣಿಕರೆಲ್ಲ ಕಂಬಿಗೆ ಒರಗಿ, ಅಲ್ಲಿ ನೋಡಿ, ಇಲ್ಲಿ ನೋಡಿ ಎಂದು ಬೆರಳು ತೋರಿಸುತ್ತಿದ್ದರು. ದಡದ ಮರಗಳ ಬಿಳಲುಗಳು ನೀರಿಗಿಳಿದಿದ್ದವು. ನೀಲಿ ಮಿಂಚುಳ್ಳಿಯೊಂದು ಹಡಗಿನ ಮುಂದೆ ಮುಂದೆಯೇ ಹಾರುತ್ತಿತ್ತು. ಹೆಡ್‌ಮಿಸ್ ಮಾತ್ರ ಕುರ್ಚಿಯಲ್ಲಿ ಸೆಟೆದು ಕೂತು, “ಹೌದು, ಚೆನ್ನಾಗಿದೆ,” ಎನ್ನುತ್ತಿದ್ದರು. ಅವರ ಮುಖ ಬೇರೆ ದಿಕ್ಕಿಗಿತ್ತು. ಊಟದ ಮೇಜಿನಲ್ಲಿ ಅವರು ಲೋಟಕ್ಕೆ ಸುರಿದ ನೀರು ತುಂಬಿ ಮೇಜಿಗೆ ಹರಿದಾಗಲೂ, “ಹಡಗು ಅಲುಗಾಡ್ತಿದೆ,” ಎಂದುಬಿಟ್ಟರು. ಹಡಗು ಆಗ ಲಂಗರು ಹಾಕಿ ನಿಂತಿತ್ತು. ಇಷ್ಟು ಜಂಬ ಇರಬಾರದು ಅಂದುಕೊಂಡಳು ಹೊಲಿಗೆಯಕ್ಕ.

ಮಾರನೆಯ ಬೆಳಿಗ್ಗೆ ಕಾಡಿನೊಳಗೆ ನಡೆದು ಹೋಗುವ ಕಾರ್ಯಕ್ರಮ. ರಬ್ಬರ್ ದೋಣಿಯಲ್ಲಿ ಕೂರಿಸಿಕೊಂಡು ಒಂದು ಕಿರುತೊರೆಯೊಳಗೆ ಕರೆದೊಯ್ದು, ಕೆಸರಿನ ದಂಡೆಯಲ್ಲಿ ಇಳಿಸಿದರು. ಗೈಡ್ ಎತ್ತರದ ಮನುಷ್ಯ, ಕೈಯಲ್ಲೊಂದು ಕೋಲು, ಕೊರಳಲ್ಲಿ ಸೀಟಿ. “ಒಬ್ಬರ ಹಿಂದೆ ಒಬ್ಬರು ಬನ್ನಿ. ದಾರಿ ಬಿಟ್ಟು ಇಳೀಬೇಡಿ. ಮರ ಹಿಡ್ಕೊಳೋಕೆ ಮುಂಚೆ ಇರುವೆ ಇದೆಯಾ ನೋಡ್ಕೊಳ್ಳಿ,” ಎಂದ. ಹೊಲಿಗೆಯಕ್ಕ ಮೊದಲೇ ಬ್ಯಾಗಿನಿಂದ ಎರಡನೆಯ ಜೊತೆ ಕಾಲ್ಚೀಲ ತೆಗೆದು ಮಾತಿಲ್ಲದೆ ಹೆಡ್‌ಮಿಸ್ ಕೈಗೆ ಕೊಟ್ಟಿದ್ದಳು. ಅವರೂ ಮಾತಿಲ್ಲದೆ ಹಾಕಿಕೊಂಡಿದ್ದರು.

ಒಳಗೆ ಹೋದಂತೆ ಬಿಸಿಲು ಮೇಲೆಯೇ ಎಲ್ಲೋ ಉಳಿದುಬಿಟ್ಟಿತು. ಹಸಿರು ಪರದೆ ಎಳೆದ ಕೋಣೆಯಂತೆ ಮಬ್ಬು. ಎಲೆಗಳಿಂದ ನೀರು ತೊಟ್ಟಿಕ್ಕುವ ಸದ್ದು, ಕೊಳೆತ ಎಲೆಯ ಬೆಚ್ಚನೆಯ ವಾಸನೆ. ಹೆಡ್‌ಮಿಸ್ ನಡಿಗೆ ನಿಧಾನವಾಯಿತು. ಅವರ ಹಿಂದೆ ಬರುತ್ತಿದ್ದ ಹೊಲಿಗೆಯಕ್ಕನೂ ನಿಲ್ಲಬೇಕಾಯಿತು.

“ನೀವು ಮುಂದೆ ಹೋಗಿ. ನಾನು ನಿಧಾನಕ್ಕೆ ಬರ್ತೀನಿ,” ಎಂದರು ಹೆಡ್‌ಮಿಸ್.

ಎರಡನೇ ಸಲ ಹೇಳಿಸಿಕೊಳ್ಳಲಿಲ್ಲ ಹೊಲಿಗೆಯಕ್ಕ. ಶಾಲೆ ಬಿಟ್ಟ ಹುಡುಗಿಯಂತೆ ಮುಂದೆ ನಡೆದಳು. ಮರದ ಕಾಂಡಕ್ಕೆ ಅಂಟಿ ಮರವೇ ಆಗಿಹೋಗಿದ್ದ ಹಲ್ಲಿ, ಊಟದ ತಟ್ಟೆಯಷ್ಟು ಅಗಲದ ಅಣಬೆ, ಹೊಟ್ಟೆಗೆ ಮರಿಯನ್ನು ಅವಚಿಕೊಂಡು ಕೊಂಬೆಯಿಂದ ಕೊಂಬೆಗೆ ಹಾರುವ ಕೋತಿ. ಮಗುವನ್ನು ಕಾಲ ಬಳಿ ಹಾಕಿಕೊಂಡು ಮಷಿನ್ ತುಳಿದ ದಿನಗಳು ನೆನಪಾಗಿ ಆಕೆ ಆ ಕೋತಿಯನ್ನು ಕತ್ತು ನೋಯುವವರೆಗೆ ನೋಡಿದಳು. ಇಷ್ಟು ವರ್ಷ ಸೂಜಿಯ ಕಣ್ಣೊಂದನ್ನೇ ನೋಡಿಕೊಂಡು ಬದುಕಿದೆನಲ್ಲ ಅನ್ನಿಸಿತು.

ಆಮೇಲೆ ತಿರುಗಿ ನೋಡಿದರೆ ಹಿಂದೆ ಯಾರೂ ಇಲ್ಲ.

ಮೊದಲು ಬರ್ತಾರೆ ಬಿಡು ಅಂದುಕೊಂಡಳು. ತಿರುವಿನ ಕಡೆ ಕಣ್ಣಿಟ್ಟು ನಿಂತಳು. ಬರಲಿಲ್ಲ. ಮುಂದೆ ಗೈಡ್ ಮತ್ತು ಉಳಿದವರ ಮಾತು ಕ್ಷೀಣವಾಗಿ ಕೇಳಿಸುತ್ತಿತ್ತು. ಕೂಗಿ ಹೇಳಬೇಕಿತ್ತು. ಆದರೆ ‘ಹೆಡ್‌ಮಿಸ್ ತಪ್ಪಿಸಿಕೊಂಡಿದ್ದಾರೆ’ ಎಂದು ಎಲ್ಲರ ಮುಂದೆ ಕೂಗಿದ್ದು ತಿಳಿದರೆ ಅವರು ತನ್ನನ್ನು ಉಳಿಸುತ್ತಾರೆಯೇ? ತಿರುವಿನವರೆಗೆ ಹೋಗಿ ನೋಡಿ ಬರೋಣವೆಂದು ಆಕೆ ಒಬ್ಬಳೇ ಹಿಂದಕ್ಕೆ ನಡೆದಳು.

ತಿರುವಿನಲ್ಲಿ ದಾರಿ ಎರಡಾಗಿತ್ತು. ಬರುವಾಗ ಇದು ಕಂಡೇ ಇರಲಿಲ್ಲ.

“ಮೇಡಂ,” ಎಂದು ಕರೆದಳು. ಇನ್ನೂ ಜೋರಾಗಿ ಕರೆದಳು. ಕಾಡು ಆ ಕೂಗನ್ನು ಹತ್ತಿಯಂತೆ ಹೀರಿಕೊಂಡಿತು. ಮಂಚದಲ್ಲಿ ಮಲಗಿ ಮೇಲ್ಛಾವಣಿ ನೋಡುತ್ತಿರುವ ಸೊಸೆ ಕಣ್ಮುಂದೆ ಬಂದಳು. ‘ನಮ್ಮಮ್ಮ ಎಲ್ಲಿ ಅತ್ತೆ’ ಎಂದು ಕೇಳಿದರೆ ಏನು ಹೇಳುವುದು? ಮುಂದೆ ಹೋಗಿ ಅಂದರು, ಖುಷಿಯಾಗಿ ಹೋದೆ ಅನ್ನುವುದೇ? ಆಕೆ ಎಡಗಡೆಯ ದಾರಿಗೆ ಇಳಿದು ಬಹುತೇಕ ಓಡಿದಳು.

ಎಲೆಗಳ ನಡುವೆ ತಾನೇ ಹೊಲಿದ ಶಾಲಿನ ಕೆಂಪು ಕಂಡಿತು. ಹೆಡ್‌ಮಿಸ್ ದಾರಿಯಿಂದ ಕೆಳಗೆ, ತೊರೆಯ ಅಂಚಿನಲ್ಲಿ, ಒಂದು ಮರವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ನಿಂತಿದ್ದರು. ಕಾಲು ಮೀನಖಂಡದವರೆಗೆ ಕೆಸರಿನಲ್ಲಿ ಹೂತಿತ್ತು. ಮರದ ತುಂಬ ಕೆಂಪಿರುವೆ, ತೋಳಿನ ಮೇಲೆ ಸಾಲಾಗಿ ಹತ್ತುತ್ತಿದ್ದವು. ಅವರು ತುಟಿ ಬಿಗಿದುಕೊಂಡು, ಕದಲದೆ ಶಾಲೆಯ ಪ್ರಾರ್ಥನೆಯಲ್ಲಿ ನಿಂತಂತೆ ನಿಂತಿದ್ದರು. ಅವರ ಹಿಮ್ಮಡಿಯ ಹಿಂದೆ ಒಂದೇ ಹೆಜ್ಜೆಗೆ ದಂಡೆ ಮುಗಿದು ಕಪ್ಪು ನೀರು ಸುಳಿಯುತ್ತಿತ್ತು.

“ಇಲ್ಲೇನ್ ಮಾಡ್ತಿದ್ದೀರಿ ಮೇಡಂ? ಅಷ್ಟು ಕೂಗಿದ್ರೂ ಒಂದು ಓ ಅನ್ನಬಾರದಾ?” ಎಂದಳು ಹೊಲಿಗೆಯಕ್ಕ. ಭಯಕ್ಕೆ ಅವಳ ದನಿ ಜಗಳದಂತೆ ಬಂತು.

“ಯಾರದು?” ಎಂದರು ಹೆಡ್‌ಮಿಸ್.

ಹೊಲಿಗೆಯಕ್ಕ ಎದುರಿಗೇ ನಿಂತಿದ್ದಳು, ಮಾರು ದೂರವೂ ಇರಲಿಲ್ಲ. ಇಲ್ಲೂ ಅದೇ ಜಂಬವೇ ಎಂದು ಸಿಟ್ಟು ನೆತ್ತಿಗೇರಬೇಕು, ಅಷ್ಟರಲ್ಲಿ ಅವರ ಕಣ್ಣು ನೋಡಿದಳು. ಆ ಕಣ್ಣು ಆಕೆಯನ್ನು ಬಿಟ್ಟು ಪಕ್ಕದ ಪೊದೆಯ ಕಡೆ ನೋಡುತ್ತಿತ್ತು.

ಹೊಲಿಗೆಯಕ್ಕ ಒಂದು ಹೆಜ್ಜೆ ಹತ್ತಿರ ಬಂದಳು. ಮೆಲ್ಲಗೆ, “ನಾನು ಮೇಡಂ. ಹೊಲಿಗೆಯವಳು. ನಿಮ್ಮ ಬೀಗಿತ್ತಿ,” ಎಂದಳು.

“ಓ, ನೀವಾ,” ಎಂದು ಅವರು ಉಸಿರು ಬಿಟ್ಟರು. “ಕೂಗಿದ್ದು ಕೇಳಿಸ್ತು. ಯಾವ ಕಡೆಯಿಂದ ಅಂತ ಗೊತ್ತಾಗಲಿಲ್ಲ. ಬಾಯಿ ಬಿಟ್ರೆ ಅಳು ಬರುತ್ತೇನೋ ಅಂತ ಸುಮ್ಮನಿದ್ದೆ.”

“ಹಿಂದೆ ಮಾತ್ರ ಕಾಲಿಡಬೇಡಿ. ಹಿಂದೆ ನೀರಿದೆ.”

ಹೊಲಿಗೆಯಕ್ಕ ಒಂದು ಗಟ್ಟಿ ಬೇರಿಗೆ ಕಾಲು ಕೊಟ್ಟು ಕೂತು, ಅವರ ಹೆಗಲ ಶಾಲನ್ನು ಎಳೆದು ತಿರುಚಿ ಹಗ್ಗ ಮಾಡಿ, ಒಂದು ತುದಿಯನ್ನು ಅವರ ಸೊಂಟಕ್ಕೆ ಸುತ್ತಿ ಗಂಟು ಹಾಕಿದಳು. “ಈಗ ಮರ ಬಿಡಿ. ಬಲಗಾಲು ಎತ್ತಿ. ನನ್ನ ದನಿ ಕಡೆಗೆ ಇಡಿ. ಇನ್ನೂ ಸ್ವಲ್ಪ ಈ ಕಡೆ. ಹಾಂ, ಅಲ್ಲೇ.” ಕೆಸರು ಪಚಕ್ಕೆಂದು ಒಂದು ಬೂಟನ್ನು ತಾನೇ ಇಟ್ಟುಕೊಂಡು ಕಾಲನ್ನು ಬಿಟ್ಟಿತು. ಎಳೆದ ರಭಸಕ್ಕೆ ಹೆಡ್‌ಮಿಸ್ ನೇರ ಬಂದು ಹೊಲಿಗೆಯಕ್ಕನ ಮೇಲೆ ಬಿದ್ದರು. ಇಬ್ಬರೂ ಎಲೆಗಳ ಮೇಲೆ ಉರುಳಿದರು.

ಇಬ್ಬರೂ ಎದ್ದು ಕೂತರು. ಹೊಲಿಗೆಯಕ್ಕ ಕೂತಲ್ಲೇ ಅವರ ತೋಳಿನ ಇರುವೆ ಒಂದೊಂದೇ ಕಿತ್ತು ಎಸೆಯತೊಡಗಿದಳು. ಕಡಿದ ಕಡೆಯೆಲ್ಲ ದದ್ದು ಎದ್ದಿತ್ತು.

“ಎಷ್ಟು ದಿನದಿಂದ ಹೀಗೆ?” ಎಂದು ಕೇಳಿದಳು.

“ಮದುವೆಗೆ ಮುಂಚೆಯಿಂದ. ಮೊದಲು ಮಂಜು ಕವಿದ ಹಾಗಿತ್ತು. ಈಗ ಬಿಸಿಲಲ್ಲಿ ಆಕಾರ ಕಾಣುತ್ತೆ, ಮುಖ ಕಾಣಲ್ಲ. ಇಲ್ಲಿ ಕತ್ತಲೆಯಲ್ಲಿ ಏನೂ ಇಲ್ಲ.”

“ಮಗಳಿಗೆ ಹೇಳಿಲ್ವಾ?”

ಹೆಡ್‌ಮಿಸ್ ತಲೆಯಲ್ಲಾಡಿಸಿದರು. “ನಮ್ಮಮ್ಮನಿಗೂ ಹೀಗೇ ಆಗಿತ್ತು. ಕೊನೆಗೆ ಏನೂ ಕಾಣದ ಹಾಗಾಯ್ತು. ಅವಳನ್ನ ಕೈ ಹಿಡಿದು ನಡೆಸಿದ್ದು ನಾನೇ. ಬೇರೆ ಮಕ್ಕಳು ಆಡೋಕೆ ಹೋದಾಗ ನಾನು ಅವಳನ್ನ ಕರ್ಕೊಂಡು ಅಂಗಡಿಗೆ, ಬಾವಿಗೆ. ನನ್ನ ಬಾಲ್ಯವೆಲ್ಲ ಅವಳ ಎಡಗೈಯಲ್ಲೇ ಇತ್ತು. ನನ್ನ ಮಗಳಿಗೆ ಅದು ಬೇಡ. ಗೊತ್ತಾದ್ರೆ ಅವಳು ಕೆಲಸ ಬಿಟ್ಟು ನನ್ನ ಪಕ್ಕ ಕೂತುಬಿಡ್ತಾಳೆ. ಈಗ ಬಸುರಿ ಬೇರೆ.”

“ಡಾಕ್ಟರ್ ಏನಂದ್ರು?”

“ತೋರಿಸಿಲ್ಲ. ಅವರು ಏನನ್ನುತ್ತಾರೋ ನಂಗೆ ಗೊತ್ತು.”

ಹೊಲಿಗೆಯಕ್ಕ ಇರುವೆ ಕೀಳುವುದನ್ನು ನಿಲ್ಲಿಸಿದಳು. ತಲೆಯೊಳಗೆ ಏನೋ ಒಂದೊಂದೇ ಹೊಲಿಗೆ ಬಿಚ್ಚಿಕೊಳ್ಳುತ್ತಿತ್ತು. “ಹಾಗಾದ್ರೆ ಅವತ್ತು ಮಾರ್ಕೆಟ್ಟಲ್ಲಿ, ಟೊಮೆಟೊ ಅಂಗಡಿ ಮುಂದೆ...”

“ಯಾವ ಟೊಮೆಟೊ?”

“ನಾನು ನಕ್ಕು ಮಾತಾಡಿಸೋಕೆ ಬಂದ್ರೆ ನೀವು ನೋಡಿಯೂ ನೋಡದ ಹಾಗೆ ಹೋದ್ರಲ್ಲ.”

“ನೀವಿದ್ರಾ ಅಲ್ಲಿ? ಯಾರೋ ‘ಚೆನ್ನಾಗಿದ್ದೀರಾ’ ಅಂದ ಹಾಗಾಯ್ತು. ಅಂಗಡಿಯವನಿಗೆ ಅಂದ್ರೇನೋ ಅಂತ ಮುಂದೆ ಹೋದೆ.”

“ಮತ್ತೆ ಈ ಶಾಲು? ಅಂಚಿನ ಹೂವು?”

ಹೆಡ್‌ಮಿಸ್ ಕೆಸರಾದ ಶಾಲಿನ ಅಂಚನ್ನು ಬೆರಳುಗಳ ನಡುವೆ ತಂದು ಸವರಿದರು. “ಇದು ಹೂವಾ? ಬಟ್ಟೆಯ ನೂಲು ಗಂಟುಗಂಟಾಗಿದೆ ಅಂದ್ಕೊಂಡಿದ್ದೆ. ಹೇಳಿದ್ರೆ ನೀವು ಬೇಜಾರು ಮಾಡ್ಕೋತೀರಿ ಅಂತ ಸುಮ್ಮನಿದ್ದೆ.”

ಹೊಲಿಗೆಯಕ್ಕನಿಗೆ ನಗು ತಡೆಯಲಾಗಲಿಲ್ಲ. ಎರಡು ವರ್ಷ ಎದೆಯ ಮೇಲೆ ಕೂತಿದ್ದ ಕಲ್ಲು ಉರುಳಿ ತೊರೆಗೆ ಬಿದ್ದ ಹಾಗಿತ್ತು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. “ನಾನು ಇಡೀ ಬೀದಿಗೆ ನಿಮ್ಮನ್ನ ಜಂಬದ ಕೋಳಿ ಅಂತ ಸಾರಿಬಿಟ್ಟಿದ್ದೀನಿ ಮೇಡಂ,” ಎಂದಳು.

“ಸಾರಿದ್ರೆ ಸಾರ್ಕೊಳ್ಳಿ. ಕುರುಡಿ ಅನ್ನೋದಕ್ಕಿಂತ ವಾಸಿ,” ಎಂದರು ಹೆಡ್‌ಮಿಸ್. ಹೇಳುತ್ತ ಹೇಳುತ್ತ ಅವರಿಗೂ ನಗು ಬಂತು. ಮೊದಲು ಹೆಗಲು ಅಲುಗಿತು, ಆಮೇಲೆ ದನಿಯೂ ಹೊರಟಿತು. ಅವರು ನಗುವುದನ್ನು ಹೊಲಿಗೆಯಕ್ಕ ಕೇಳಿದ್ದು ಅದೇ ಮೊದಲು.

ಆ ನಗುವನ್ನು ಹಿಡಿದುಕೊಂಡೇ ಗೈಡ್ ಅವರನ್ನು ಪತ್ತೆ ಮಾಡಿದ. ಸೀಟಿ ಊದುತ್ತ ಬಂದವನು, ಕೆಸರು ಮೆತ್ತಿಕೊಂಡು ನಗುತ್ತಿದ್ದ ಇಬ್ಬರು ಅಜ್ಜಿಯರನ್ನು ಕಂಡು ಬೆವರು ಒರೆಸಿಕೊಂಡ. “ಜೀವ ಹೋಗಿ ಬಂತು ಅಮ್ಮ. ಏನಾಯ್ತು?” ಎಂದ.

ಹೆಡ್‌ಮಿಸ್ ಬಾಯಿ ತೆರೆಯುವ ಮೊದಲೇ ಹೊಲಿಗೆಯಕ್ಕ, “ನಾನು ಜಾರಿದೆ, ಮೇಡಂ ಹಿಡ್ಕೊಂಡ್ರು,” ಎಂದಳು. ಒಂದೇ ಬೂಟು ಇದ್ದದ್ದು ಮೇಡಂ ಕಾಲಿನಲ್ಲಿ. ಗೈಡ್ ಅದನ್ನು ನೋಡಿದ. ಇಬ್ಬರ ಮುಂದೆ ನಿಧಾನಕ್ಕೆ ನಡೆದ.

ಆಮೇಲಿನ ದಿನಗಳಲ್ಲಿ ಡೆಕ್ಕಿನ ಎರಡು ಕುರ್ಚಿಗಳು ಒಂದಕ್ಕೊಂದು ಅಂಟಿಕೊಂಡವು. ಹೊಲಿಗೆಯಕ್ಕ ಕಂಡದ್ದನ್ನೆಲ್ಲ ಹೇಳುತ್ತಿದ್ದಳು. ಹೆಡ್‌ಮಿಸ್ ಬಿಡಬೇಕಲ್ಲ.

“ಅಲ್ಲೊಂದು ದೊಡ್ಡ ಹಕ್ಕಿ ಮೇಡಂ.”

“ದೊಡ್ಡದು ಅಂದ್ರೆ? ಕಾಗೆಯಷ್ಟಾ, ಬಾತುಕೋಳಿಯಷ್ಟಾ?”

“ಬಾತುಕೋಳಿಗಿಂತ ದೊಡ್ಡದು. ಕೊಕ್ಕಿನ ಮೇಲೆ ಇನ್ನೊಂದು ಕೊಕ್ಕು ಹೊಲಿದ ಹಾಗಿದೆ.”

“ಬಣ್ಣ?”

“ಕಪ್ಪು. ಬಾಲಕ್ಕೆ ಬಿಳಿ ಅಂಚು ಕಟ್ಟಿದೆ. ಈಗ ಹಾರ್ತಿದೆ. ರೆಕ್ಕೆ ಸದ್ದು ಕೇಳಿಸ್ತಾ?”

“ಕೇಳಿಸ್ತು,” ಎಂದರು ಹೆಡ್‌ಮಿಸ್. ಆ ಸದ್ದು ದೂರವಾಗುವವರೆಗೂ ಮುಖ ಎತ್ತಿಕೊಂಡೇ ಇದ್ದರು.

ಹಿಂತಿರುಗುವ ಹಿಂದಿನ ಸಂಜೆ ಕೇಬಿನ್ನಿನಲ್ಲಿ ಹೊಲಿಗೆಯಕ್ಕ ಷರತ್ತು ಹಾಕಿದಳು. ಮಗಳಿಗೆ ತಾನು ಬಾಯಿ ಬಿಡುವುದಿಲ್ಲ, ಆದರೆ ಹಡಗಿನಿಂದ ಇಳಿದವರು ನೇರ ಕಣ್ಣಾಸ್ಪತ್ರೆಗೆ ಹೋಗಬೇಕು. ಹೆಡ್‌ಮಿಸ್ ಆಮೇಲೆ ನೋಡೋಣ ಎಂದು ಕೊಸರಾಡಿ, ಕೊನೆಗೆ ಒಪ್ಪಿದರು. ‘ಹಡಗು ತಡ ಆಗಿದೆ’ ಎಂದು ಮಗನಿಗೆ ಫೋನಿನಲ್ಲಿ ಸುಳ್ಳು ಹೇಳಿ, ಬ್ಯಾಗುಗಳನ್ನು ಹೊತ್ತುಕೊಂಡೇ ಇಬ್ಬರೂ ಆಸ್ಪತ್ರೆಯ ಬೆಂಚಿನಲ್ಲಿ ಕೂತರು. ಕಣ್ಣಿಗೆ ಹನಿ ಬಿಟ್ಟು ಕಾಯಿಸಿದರು. ಒಳಗೆ ಕರೆದಾಗ ಹೆಡ್‌ಮಿಸ್ ಹೊಲಿಗೆಯಕ್ಕನ ಕೈ ಹಿಡಿದರು. ಹೊಲಿಗೆಯಕ್ಕ ಹಿಡಿದ ಕೈ ಬಿಡದೆ ತಾನೂ ಒಳಹೊಕ್ಕಳು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ದೀಪ ಬಿಟ್ಟು ನೋಡಿ, ಇನ್ನೊಂದು ಯಂತ್ರದಲ್ಲಿ ನೋಡಿ, “ಪೊರೆ ಬಂದಿದೆ ಅಮ್ಮ, ಎರಡೂ ಕಣ್ಣಿಗೆ. ಚೆನ್ನಾಗಿ ಬಲಿತಿದೆ. ತೆಗೆದು ಲೆನ್ಸ್ ಹಾಕ್ತೀವಿ. ಹಿಂದಿನ ನರವೆಲ್ಲ ಚೆನ್ನಾಗಿರೋ ಹಾಗಿದೆ,” ಎಂದಳು.

“ಇನ್ನೊಂದು ಸಲ ಹೇಳಿ,” ಎಂದರು ಹೆಡ್‌ಮಿಸ್.

ಡಾಕ್ಟರು ಇನ್ನೊಂದು ಸಲ ಹೇಳಿದಳು.

“ಅಷ್ಟೇನಾ?”

“ಅಷ್ಟೇ.”

ಹೊರಗಿನ ಬೆಂಚಿಗೆ ಬಂದು ಕೂತ ಮೇಲೆ ಹೆಡ್‌ಮಿಸ್ ನೀರು ಕೇಳಿ ಗಟಗಟನೆ ಕುಡಿದರು. ಬೆನ್ನು ಸಡಿಲಿಸಿ ಗೋಡೆಗೆ ಒರಗಿದರು. ಇಷ್ಟು ವರ್ಷಗಳಲ್ಲಿ ಅವರು ಯಾವುದಕ್ಕಾದರೂ ಒರಗಿದ್ದನ್ನು ಹೊಲಿಗೆಯಕ್ಕ ನೋಡಿರಲಿಲ್ಲ. “ಅಮ್ಮನಿಗೂ ಇದೇ ಇತ್ತೋ ಏನೋ. ಯಾರೂ ತೋರಿಸಲೇ ಇಲ್ಲ,” ಎಂದರು. ಹೊಲಿಗೆಯಕ್ಕ ಅವರ ಕೈ ಸವರುತ್ತ ಪಕ್ಕದಲ್ಲಿ ಕೂತಿದ್ದಳು.

ಮನೆಗೆ ಬಂದು ವಿಷಯ ಹೇಳಿದಾಗ ಸೊಸೆ ಅತ್ತಳು, ಬೈದಳು, ಮತ್ತೆ ಅತ್ತು ತಾಯಿಯನ್ನು ತಬ್ಬಿಕೊಂಡಳು. ಅವಳನ್ನು ಮಂಚದಿಂದ ಏಳಗೊಡದೆ ಆಪರೇಷನ್ನಿಗೆ ಹೆಡ್‌ಮಿಸ್ ಜೊತೆ ಹೋದದ್ದು ಹೊಲಿಗೆಯಕ್ಕನೇ. ಮೊದಲು ಒಂದು ಕಣ್ಣು, ಕೆಲವು ವಾರ ಬಿಟ್ಟು ಇನ್ನೊಂದು. ಎರಡೂ ಯಾವ ತೊಂದರೆಯಿಲ್ಲದೆ ಮುಗಿದವು.

ಮೊದಲ ಕಣ್ಣಿನ ಪಟ್ಟಿ ಬಿಚ್ಚಿದ ಬೆಳಿಗ್ಗೆ ನರ್ಸ್ ಹತ್ತಿಯಿಂದ ಒರೆಸಿ ಪಕ್ಕಕ್ಕೆ ಸರಿದಳು. ಹೆಡ್‌ಮಿಸ್ ಎವೆ ಬಡಿದರು, ಇನ್ನೊಮ್ಮೆ ಬಡಿದರು. ಎದುರಿಗೆ ಉಸಿರು ಹಿಡಿದು ನಿಂತಿದ್ದ ಹೊಲಿಗೆಯಕ್ಕನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

“ಇದೇನು, ಇಷ್ಟೊಂದು ಕೂದಲು ಬೆಳ್ಳಗಾಗಿದೆ? ನೀವು ಇನ್ನೂ ಹರೆಯದಲ್ಲೇ ಇದ್ದೀರಿ ಅಂದ್ಕೊಂಡಿದ್ದೆ.”

“ನೀವು ನೋಡದೆ ಇದ್ದಾಗಲೇ ಚೆನ್ನಾಗಿದ್ದೆ,” ಎಂದಳು ಹೊಲಿಗೆಯಕ್ಕ.

ಹೆಡ್‌ಮಿಸ್ ಆಗಲೇ ಆಕೆಯ ಹೆಗಲಿನಾಚೆ ಗೋಡೆಯನ್ನು ನೋಡುತ್ತಿದ್ದರು. ಅಲ್ಲಿ ರೋಗಿಗಳಿಗೆ ಸೂಚನೆ ಬರೆದ ದೊಡ್ಡ ಫಲಕವಿತ್ತು. ಅವರು ಮೊದಲ ಸಾಲಿನಿಂದ ಶುರುಮಾಡಿ, ಒಂದನೇ ತರಗತಿಯ ಮಗುವಿನಂತೆ ಗಟ್ಟಿಯಾಗಿ, ಒಂದಕ್ಷರ ಬಿಡದೆ ಓದುತ್ತ ಹೋದರು. ಕೊನೆಯ ಸಾಲಿಗೆ ಬಂದಾಗ ಹುಬ್ಬು ಗಂಟಾಯಿತು.

“ನಿಶ್ಯಬ್ದ ಅಂತ ಬರೆದಿದ್ದಾರೆ. ಅದು ನಿಶ್ಶಬ್ದ,” ಎಂದರು. ನರ್ಸ್ ಕಡೆ ತಿರುಗಿ ಕೈ ಚಾಚಿದರು. “ಒಂದು ಪೆನ್ ಕೊಡಮ್ಮ.”

“ಮೇಡಂ, ಮೊದಲು ಚಹಾ ಕುಡೀರಿ,” ಎಂದಳು ಹೊಲಿಗೆಯಕ್ಕ. ನರ್ಸ್ ಮಾತ್ರ ನಗುತ್ತ ಜೇಬಿನಿಂದ ಪೆನ್ ತೆಗೆದುಕೊಟ್ಟಳು.